ಸಹಾಯ ಬೇಕು: ಮಗನ ಬ್ಯಾಟ್ ಬೀಸುವ ವೇಗ ಹೆಚ್ಚಿಸುವುದು ಹೇಗೆ?

ನಮಸ್ಕಾರ. ನಾವು ಅಮೆರಿಕದ ಟೆಕ್ಸಾಸ್‌ನಲ್ಲಿದ್ದು, 12 ವರ್ಷದ ಮಗ ಇಲ್ಲಿನ ಲಿಟಲ್ ಲೀಗ್‌ನಲ್ಲಿ ಬೇಸ್‌ಬಾಲ್ ಆಡುತ್ತಾನೆ. ಅವನ ಬ್ಯಾಟ್ 30 ಇಂಚು ಉದ್ದ, 20 ಔನ್ಸ್ ತೂಕದ್ದು. ಚೆಂಡು ಬ್ಯಾಟಿಗೆ ಸರಿಯಾಗಿಯೇ ಸಿಗುತ್ತದೆ, ಆದರೆ ಬೀಸುವ ವೇಗ ಸಾಲದೆ ಹೊಡೆತಗಳು ಇನ್‌ಫೀಲ್ಡ್ (ಬೇಸ್‌ಗಳಿರುವ ಒಳ ಮೈದಾನ) ದಾಟುತ್ತಿಲ್ಲ. ಕ್ರಿಕೆಟ್ ಆಡಿ ಬೆಳೆದ ನನಗೆ ಈ ತರಬೇತಿ ಹೊಸದು.

ಮೆಡಿಸಿನ್ ಬಾಲನ್ನು (ವ್ಯಾಯಾಮಕ್ಕೆ ಬಳಸುವ ತೂಕದ ಚೆಂಡು) ಸೊಂಟ ತಿರುಗಿಸಿ ಗೋಡೆಗೆ ಎಸೆಯುವ ಅಭ್ಯಾಸ ನಡೆದಿದೆ. ಬ್ಯಾಟಿಗೆ ತೂಕದ ಬಳೆ ತೊಡಿಸಿ ಬೀಸುವುದನ್ನು ಕೈಬಿಟ್ಟೆವು, ಏಕೆಂದರೆ ಅದನ್ನು ತೆಗೆದ ಮೇಲೆ ಬ್ಯಾಟ್ ಹಗುರವೆನಿಸುತ್ತದೆಯೇ ಹೊರತು ವೇಗವೇನೂ ಹೆಚ್ಚುವುದಿಲ್ಲ. ಈಗ ಶೇ. 20ರಷ್ಟು ಭಾರವಾದ ಮತ್ತು ಅಷ್ಟೇ ಹಗುರವಾದ, ಅಂದರೆ 24 ಮತ್ತು 16 ಔನ್ಸಿನ ಬ್ಯಾಟುಗಳನ್ನು ಆಟದ ಬ್ಯಾಟಿನೊಂದಿಗೆ ಸರದಿಯಂತೆ ಬೀಸಿಸುತ್ತಿದ್ದೇವೆ. ಹಗುರ ಬ್ಯಾಟಿನಲ್ಲಿ ಸೆನ್ಸರ್ ಒಳ್ಳೆಯ ವೇಗ ತೋರಿಸುತ್ತದೆ (ಅದು ಸಹಜವೇ). ಆದರೆ ಆಟದ ಬ್ಯಾಟಿಗೆ ಮರಳಿದೊಡನೆ ಅಂಕಿ ಹಿಂದಿನಷ್ಟೇ ಆಗುತ್ತದೆ, ಭಾರದ ಬ್ಯಾಟ್ ಹಿಡಿದಾಗಲಂತೂ ಸೊಂಟ ತಿರುಗುವ ಮೊದಲೇ ಕೈಗಳು ಮುಂದೆ ಬಂದು ಬೀಸಿನ ಕ್ರಮವೇ ಕೆಡುತ್ತದೆ.

ಈ ವಯಸ್ಸಿನ ಮಕ್ಕಳಿಗೆ ತರಬೇತಿ ನೀಡಿದವರು ದಯವಿಟ್ಟು ತಿಳಿಸಿ: ಭಾರದ ಬ್ಯಾಟನ್ನು ಸದ್ಯಕ್ಕೆ ಪೂರ್ತಿ ಬಿಟ್ಟು ಉಳಿದೆರಡನ್ನಷ್ಟೇ ಬಳಸಬೇಕೇ, ಅಥವಾ ಮೂರನ್ನೂ ಇಟ್ಟುಕೊಂಡು ಸರದಿಯನ್ನು ಬದಲಿಸಬೇಕೇ? ಬದಲಿಸುವುದಾದರೆ ಯಾವ ಬ್ಯಾಟ್ ಕೊನೆಯಲ್ಲಿರಬೇಕು?