ವಕೀಲರನ್ನು ಕೇಳಿ: ಐಡಿ ಬ್ಲಾಕ್, ಷೇರು ದುಡ್ಡು, ‘ನಮ್ಮದೇ ಆ್ಯಪ್’

ಅಡ್ಮಿನ್: ಡೆಲಿವರಿ, ಆಟೋ, ಕ್ಯಾಬ್‌ನವರೇ, ಕಾರ್ಮಿಕ ಕಾನೂನು ನೋಡುವ ವಕೀಲರು ರಾತ್ರಿ 9ರಿಂದ 10ರವರೆಗೆ ಇರುತ್ತಾರೆ. ವಾಯ್ಸ್ ನೋಟ್ ಬೇಡ, ಬರೆದು ಕೇಳಿ.

ಬೊಮ್ಮನಹಳ್ಳಿ ರೈಡರ್: ಮೇಡಂ, ಮಂಗಳವಾರ ಬೆಳಗ್ಗೆ ಆ್ಯಪ್ ತೆಗೆದರೆ ಐಡಿ ಬ್ಲಾಕ್. ಯಾಕೆ ಅಂತ ಹೇಳುತ್ತಿಲ್ಲ. 5ನೇ ತಾರೀಕು ಬೈಕ್ ಇಎಂಐ ಇದೆ.

ವಕೀಲರು: 2025ರ ಕರ್ನಾಟಕದ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ದುಡಿಯುವವರ ಕಾಯ್ದೆ ಪ್ರಕಾರ, ಕೆಲಸದಿಂದ ತೆಗೆಯೋಕೆ 14 ದಿನ ಮುಂಚೆ ಕಾರಣ ಬರೆದು ನೋಟಿಸ್ ಕೊಡಬೇಕು. ಯಾರಿಗಾದರೂ ದೈಹಿಕ ಹಾನಿ ಆದ ಪ್ರಕರಣ ಮಾತ್ರ ಬೇರೆ. ಬ್ಲಾಕ್ ಆದ ಪರದೆಯ ಸ್ಕ್ರೀನ್‌ಶಾಟ್, ಮೂರು ತಿಂಗಳ ಪೇಔಟ್ ತೆಗೆದಿಡಿ. ಕಾರಣವನ್ನು ಇಮೇಲ್‌ನಲ್ಲೇ ಕೇಳಿ, ಫೋನಲ್ಲಿ ಅಲ್ಲ.

ಯಶವಂತಪುರ: ನಂದೂ ಬ್ಲಾಕ್ ಆಗಿದೆ ಮೇಡಂ, ಏನು ಮಾಡಲಿ?

ವಕೀಲರು: ಮೇಲೆ ಓದಿ.

ಹೊಸಕೋಟೆ: ಇ-ಶ್ರಮ್ ಕಾರ್ಡ್ ಇದ್ದರೆ ಪಿಂಚಣಿ ಬರುತ್ತಾ?

ಮಾರತ್ತಹಳ್ಳಿ: ಫಾರ್ವರ್ಡ್ ಬಂದದ್ದು ಹಾಕ್ತಿದ್ದೀನಿ: ‘ಐಡಿ ಬ್ಲಾಕ್ ಆದವರು ತಮ್ಮನ ಆಧಾರ್‌ನಲ್ಲಿ ಹೊಸ ಐಡಿ ಮಾಡಿಸಿ, ಸೆಲ್ಫಿ ಕೇಳಿದಾಗ ಅವನ ಮುಖ ತೋರಿಸಿ. 100% ಗ್ಯಾರಂಟಿ.’

ವಕೀಲರು: ಯಾರ ಗ್ಯಾರಂಟಿ? ರಾಜ್ಯದ ಗಿಗ್ ಕಾರ್ಮಿಕರ ವಿಮೆಯಲ್ಲಿ ಅಪಘಾತದಲ್ಲಿ ಸತ್ತರೆ 4 ಲಕ್ಷ, ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ ಇದೆ. ರಸ್ತೆಯಲ್ಲಿ ಬಿದ್ದವರು ನೀವು, ಐಡಿ ತಮ್ಮನದ್ದು. ಕ್ಲೈಮ್ ಯಾರ ಹೆಸರಲ್ಲಿ ಹಾಕುತ್ತೀರಿ? ಇಂಥದ್ದನ್ನು ಇಲ್ಲಿ ಹಾಕಬೇಡಿ.

ತುಮಕೂರು ಆಟೋ: ಮೇಡಂ, ನಮ್ಮೂರಲ್ಲಿ ಚಾಲಕರೇ ಮಾಲೀಕರಾಗುವ ಆ್ಯಪ್ ಬರುತ್ತಿದೆ. ಭಾರತ್ ಟ್ಯಾಕ್ಸಿ ಥರಾನೇ ಅಂತೆ. ಷೇರಿಗೆ ಅಂತ 2,500 ಫೋನಲ್ಲೇ ಹಾಕಿದೆ. ಸ್ಟ್ಯಾಂಡಿನಲ್ಲಿ ಮೂವತ್ತು ಜನ ಹಾಕಿದ್ದಾರೆ. ಇನ್ನು ಐಡಿ ಬ್ಲಾಕ್ ಭಯ ಇಲ್ಲ ಅಲ್ವಾ?

ವಕೀಲರು: ಒಂದು ನಿಮಿಷ. ಫೋನಲ್ಲಿ ಯಾರ ಹೆಸರಿಗೆ ಹೋಯಿತು?

ತುಮಕೂರು ಆಟೋ: ಶುರು ಮಾಡುತ್ತಿರುವ ಅಣ್ಣನ ಹೆಸರಿಗೆ.

ವಕೀಲರು: ಇವತ್ತು ಕೇಳಿದ್ದರಲ್ಲಿ ನನಗೆ ಗಾಬರಿ ಆಗಿದ್ದು ಇದೊಂದೇ. ಭಾರತ್ ಟ್ಯಾಕ್ಸಿ ಹಿಂದೆ ಇರುವುದು 2025ರಲ್ಲಿ ನೋಂದಣಿಯಾದ ಬಹುರಾಜ್ಯ ಸಹಕಾರ ಸಂಘ. ಅಮುಲ್, ಇಫ್ಕೋ, ನಬಾರ್ಡ್‌ನಂಥವರು ಅದರ ಬೆನ್ನಿಗಿದ್ದಾರೆ. ನಿಮ್ಮದರ ಹಿಂದೆ ಒಂದು ಯುಪಿಐ ನಂಬರ್ ಇದೆ. ಸಂಘ ಕಟ್ಟೋದು ಒಳ್ಳೇದೇ. 1959ರ ನಮ್ಮ ಸಹಕಾರ ಸಂಘಗಳ ಕಾಯ್ದೆಯಲ್ಲಿ ಬೇರೆ ಬೇರೆ ಕುಟುಂಬದ 10 ಜನ ಸೇರಿದರೂ ಅರ್ಜಿ ಹಾಕಬಹುದು, ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ವೋಟು, ನಿಮ್ಮ ಮಾತು ಕೇಳದೆ ಸದಸ್ಯತ್ವದಿಂದ ತೆಗೆಯೋ ಹಾಗಿಲ್ಲ. ಅಷ್ಟು ಭದ್ರತೆ ಅದರಲ್ಲಿದೆ. ಬಾಡಿಗೆ ಬಂದೇ ಬರುತ್ತೆ ಅನ್ನೋ ಭದ್ರತೆ ಇಲ್ಲ, ಅದನ್ನು ಯಾವ ಕಾಯ್ದೆಯೂ ಕೊಡಲ್ಲ. ಆದರೆ ದುಡ್ಡು ಸಂಘದ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕು. ನಾಳೆಯೇ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ, ಈ ಹೆಸರಲ್ಲಿ ಅರ್ಜಿ ಬಂದಿದೆಯಾ, ಷೇರು ಹಣ ಎತ್ತೋಕೆ ಅನುಮತಿ ಕೊಟ್ಟಿದ್ದೀರಾ ಅಂತ ಕೇಳಿ. ದುಡ್ಡು ತೆಗೆದುಕೊಂಡ ಆ ಅಣ್ಣನಿಂದ ರಸೀದಿಯನ್ನು ಈಗಲೇ ಕೇಳಿ.

ಯಲಹಂಕ ಆಟೋ: ಹೊಸ ಆ್ಯಪ್ ಯಾಕೆ ಬೇಕು? ನಮ್ಮ ಯಾತ್ರಿ ಇದೆಯಲ್ಲ, ಅದೂ ನಮ್ಮದೇ.

ಕೆಂಗೇರಿ ಕ್ಯಾಬ್: ಕಮಿಷನ್ ಇಲ್ಲ ಅಂದ ಮಾತ್ರಕ್ಕೆ ನಮ್ಮದು ಆಗಲ್ಲ ಗುರು.

ಯಲಹಂಕ ಆಟೋ: 2022ರಲ್ಲಿ ಆಟೋ ಯೂನಿಯನ್ ಜೊತೆ ಸೇರಿಯೇ ಶುರು ಮಾಡಿದ್ದು.

ಕೆಂಗೇರಿ ಕ್ಯಾಬ್: ಜೊತೆ ಸೇರೋದು ಬೇರೆ, ಮಾಲೀಕರಾಗೋದು ಬೇರೆ. ನಮ್ಮಪ್ಪ ಡೇರಿಗೆ ಹಾಲು ಹಾಕುತ್ತಾರೆ, ಡೇರಿ ಚುನಾವಣೆಯಲ್ಲಿ ವೋಟೂ ಹಾಕುತ್ತಾರೆ. ನೀನು ಯಾವ ಆ್ಯಪ್‌ಗೆ ವೋಟು ಹಾಕಿದ್ದೀಯ?

ಯಲಹಂಕ ಆಟೋ: ಆ ಚುನಾವಣೆಗೆ ಬಾಡೂಟ ಹಾಕಿಸೋದು ಯಾರು ಅಂತಾನೂ ಹೇಳು.

ಕೆಂಗೇರಿ ಕ್ಯಾಬ್: ಅಪ್ಪನ ವಿಷಯಕ್ಕೆ ಬರಬೇಡ.

ಜಯನಗರ: ನ್ಯೂಯಾರ್ಕ್‌ನಲ್ಲಿ ಚಾಲಕರದ್ದೇ ಸಹಕಾರಿ 2021ರಲ್ಲಿ ಶುರುವಾಯಿತು. ನಾವಿನ್ನೂ ಬಾಡೂಟದಲ್ಲೇ ಇದ್ದೀವಿ.

ಯಲಹಂಕ ಆಟೋ: ನ್ಯೂಯಾರ್ಕ್‌ಗೇ ಹೋಗಿ ಸಾರ್, ಮೀಟರ್ ಮೇಲೆ ಇಪ್ಪತ್ತು ಕೊಡಿ, ಏರ್‌ಪೋರ್ಟ್‌ಗೆ ಬಿಡುತ್ತೀನಿ.

ಅಡ್ಮಿನ್: ಸಾಕು ನಿಲ್ಲಿಸಿ.

ಹೊಸಕೋಟೆ: ಇ-ಶ್ರಮ್ ಮೇಡಂ?

ಪೀಣ್ಯ: ಐಡಿ ಬ್ಲಾಕ್ ಆದರೆ ಏನು ಮಾಡಬೇಕು?

ವಕೀಲರು: ಮೂರನೇ ಸಲ. ಮೇಲಿದೆ.

ತುಮಕೂರು ಆಟೋ: ಮೇಡಂ, ರಸೀದಿ ಕೇಳಿದೆ. ಷೇರುದಾರರ ಗುಂಪಿನಿಂದ ನನ್ನನ್ನೇ ತೆಗೆದುಬಿಟ್ಟರು.

ಕೆಂಗೇರಿ ಕ್ಯಾಬ್: 14 ದಿನದ ನೋಟಿಸ್ ಕೊಟ್ಟರಾ? 😄

ವಕೀಲರು: ನಗೋ ವಿಷಯ ಅಲ್ಲ. ತುಮಕೂರಿನವರೇ, ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ಸ್ಕ್ರೀನ್‌ಶಾಟ್, ಗುಂಪಿನ ಹಳೇ ಮೆಸೇಜು ಯಾವುದನ್ನೂ ಅಳಿಸಬೇಡಿ. ಆಮೇಲೆ ಸ್ಟ್ಯಾಂಡಿಗೆ ಹೋಗಿ ಉಳಿದವರಿಗೂ ಹೇಳಿ, ಇವತ್ತು ರಾತ್ರಿಯೇ.

ತುಮಕೂರು ಆಟೋ: ಅವರನ್ನು ಸೇರಿಸಿದ್ದೇ ನಾನು ಮೇಡಂ.