ಫಸ್ಟ್ ಇಯರ್ ಹುಡುಗರನ್ನ ಎಷ್ಟು ನಿಮಿಷ ಆಡಿಸೋದು? ಆಟದ ವೇಗ ಎಲ್ಲಿ ಕೆಡ್ತಿದೆ?

ಗುಡ್ಡದ ಕೆಳಗಿನ ಕೋರ್ಟ್:

ಬಳ್ಳಾರಿಯ ಒಂದು ಡಿಗ್ರಿ ಕಾಲೇಜಿನ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡದ ವಿಷಯ. ಇಂಟರ್ ಕಾಲೇಜಿಯೇಟ್‌ಗೆ ಇನ್ನು ಮೂರು ವಾರ. 12 ಜನರಲ್ಲಿ 4 ಜನ ಫಸ್ಟ್ ಇಯರ್. ನಾಲ್ವರೂ ಪಿಯು ತಂಡದಲ್ಲಿ ಪೂರ್ತಿ ಮ್ಯಾಚ್ ಆಡಿ ಬಂದವರು, ಓಟದಲ್ಲಿ ಸೀನಿಯರ್‌ಗಳಿಗಿಂತ ಜೋರು. ಅವರನ್ನ ಇಳಿಸಿದ ತಕ್ಷಣ ಆಟ ಏರುತ್ತೆ. ನಾಲ್ಕೈದು ನಿಮಿಷ ಆದಮೇಲೆ ಪಾಸ್ ಕೈತಪ್ಪೋದು, ಫೌಲ್ ಶುರು. ಮೂರನೇ ಕ್ವಾರ್ಟರ್‌ಗೆ ಮಂಡಿ ಮೇಲೆ ಕೈ. ಸೀನಿಯರ್‌ಗಳೇ ಇದ್ದರೆ ತಪ್ಪು ಕಡಿಮೆ, ಆದರೆ ಬಾಲ್ ಮುಂದಕ್ಕೇ ಹೋಗಲ್ಲ. ಪ್ರಾಕ್ಟೀಸ್ ಸಂಜೆ 5ರಿಂದ 6:30, ಬಯಲು ಸಿಮೆಂಟ್ ಕೋರ್ಟ್.

ಹೋದ ಪ್ರಾಕ್ಟೀಸ್ ಮ್ಯಾಚ್‌ನ ಶೀಟ್: ಶಾಟ್ 58, ಫ್ರೀ ಥ್ರೋ 14, ಆಫೆನ್ಸಿವ್ ರೀಬೌಂಡ್ (ನಮ್ಮ ಶಾಟ್ ತಪ್ಪಿದಾಗ ನಾವೇ ಹಿಡಿದದ್ದು) 11, ಟರ್ನ್‌ಓವರ್ (ಶಾಟ್ ಹೊಡೆಯೋ ಮುಂಚೆ ಬಾಲ್ ಕಳಕೊಂಡಿದ್ದು) 19, ಅದರಲ್ಲಿ 12 ಹೊಸಬರದು, ಪಾಯಿಂಟ್ 55.

ಇವರಿಗೆ ಎಷ್ಟು ನಿಮಿಷ ಕೊಡಬೇಕು, ಯಾವ ಕೆಲಸ ಕೊಡಬೇಕು? ವೇಗ ಏರಿಸೋದಾ, ಇಳಿಸೋದಾ?

ಒಗ್ಗಾಣಿ ಮಿರ್ಚಿ:

ನಿಮ್ಮ ಶೀಟನ್ನೇ ಇನ್ನೊಂದು ಸಲ ನೋಡ್ರಿ, ಅರ್ಧ ಉತ್ತರ ಅಲ್ಲೇ ಇದೆ. ಪೊಸೆಷನ್, ಅಂದರೆ ಬಾಲ್ ನಿಮ್ಮ ಕೈಗೆ ಬಂದ ಸರದಿ ಎಷ್ಟು ಅಂತ ತೆಗೆಯೋ ಲೆಕ್ಕ ಹೀಗೆ: ಶಾಟ್‌ಗೆ ಟರ್ನ್‌ಓವರ್ ಕೂಡಿಸಿ, ಫ್ರೀ ಥ್ರೋನ 0.44ರಿಂದ ಗುಣಿಸಿ ಸೇರಿಸಿ, ಆಫೆನ್ಸಿವ್ ರೀಬೌಂಡ್ ಕಳೀರಿ. 58 + 19 + 6 − 11, ಒಟ್ಟು 72. ಎದುರಿನವರಿಗೂ ಹೆಚ್ಚುಕಮ್ಮಿ ಅಷ್ಟೇ ಸಿಕ್ಕಿರುತ್ತೆ. 40 ನಿಮಿಷ ಅಂದರೆ 2400 ಸೆಕೆಂಡ್, 144ರಿಂದ ಭಾಗಿಸಿದರೆ ಒಂದು ಪೊಸೆಷನ್‌ಗೆ 17 ಸೆಕೆಂಡೂ ಇಲ್ಲ. ಎರಡೂ ಕಡೆಯವರು ಪ್ರತಿ ಸಲ ಶಾಟ್ ಹೊಡೆಯೋಕೆ ಇರೋ 24 ಸೆಕೆಂಡ್ ಪೂರ್ತಿ ತಿಂದರೆ ತಲಾ 50 ಬರುತ್ತೆ. ನಿಮ್ಮದು 72. ಹಾಗಾಗಿ ತಂಡ ನಿಧಾನ ಅನ್ನೋ ಮಾತೇ ನಿಲ್ಲಲ್ಲ. 72ರಲ್ಲಿ 19 ಸಲ ರಿಂಗ್ ಕಡೆ ಬಾಲ್ ಎಸೆಯದೇ ಕೊಟ್ಟು ಬಂದಿದ್ದೀರಿ, ನಾಲ್ಕಕ್ಕೆ ಒಂದಕ್ಕಿಂತ ಜಾಸ್ತಿ. ಮೊದಲು ಅದನ್ನ 12-13ಕ್ಕೆ ಇಳಿಸ್ರಿ, ವೇಗದ ಮಾತು ಆಮೇಲೆ.

ಕೆಡೋ ಜಾಗ ಬಹುತೇಕ ಒಂದೇ, ರೀಬೌಂಡ್ ಆದ ಮೇಲಿನ ಎರಡು ಸೆಕೆಂಡ್. ಹೊಸ ಹುಡುಗ ರೀಬೌಂಡ್ ಹಿಡಿದು ಬಾಲನ್ನ ಸೊಂಟದ ಮಟ್ಟಕ್ಕೆ ಇಳಿಸ್ತಾನೆ, ಅಲ್ಲೇ ಯಾರೋ ಕೈ ಹಾಕ್ತಾರೆ. ತಪ್ಪಿಸಿಕೊಂಡರೆ ಎರಡು ಡ್ರಿಬಲ್ ಹೊಡೆದು ಆಮೇಲೆ ತಲೆ ಎತ್ತುತ್ತಾನೆ. ಅಷ್ಟೊತ್ತಿಗೆ ಎದುರಿನ ಐದೂ ಜನ ವಾಪಸ್ ಹೋಗಿ ನಿಂತಿರ್ತಾರೆ. ಬಾಲ್ ಗದ್ದದ ಕೆಳಗೆ, ಮೊಣಕೈ ಎರಡೂ ಹೊರಗೆ. ತಿರುಗೋದು ಹತ್ತಿರದ ಸೈಡ್‌ಲೈನ್ ಕಡೆ, ನಡುವಿಗೆ ಅಲ್ಲವೇ ಅಲ್ಲ. ಬಾಲ್ ಮುಂದಕ್ಕೆ ತರೋ ಗಾರ್ಡ್ ನಿಲ್ಲೋ ಜಾಗನೂ ಗೊತ್ತಾಗಿರಬೇಕು. ಫ್ರೀ ಥ್ರೋ ಲೈನನ್ನ ಹಾಗೇ ಉದ್ದ ಎಳೆದರೆ ಸೈಡ್‌ಲೈನ್‌ಗೆ ಎಲ್ಲಿ ಮುಟ್ಟುತ್ತೋ ಅಲ್ಲಿ, ಬೆನ್ನು ಸೈಡ್‌ಲೈನ್‌ಗೆ ಕೊಟ್ಟು. ಹಾಗೆ ನಿಂತರೆ ಪೂರ್ತಿ ಕೋರ್ಟ್ ಕಣ್ಣಿಗೆ ಬೀಳುತ್ತೆ. ನಿಮ್ಮ ಪಾಯಿಂಟ್ ಗಾರ್ಡ್ ಬಾಲ್ ಕಡೆ ಓಡಿ ಬಂದು, ಎದುರಿನ ರಿಂಗ್‌ಗೆ ಬೆನ್ನು ಹಾಕಿ ತಗೋತಿದ್ದರೆ ಅವನು ಎಷ್ಟೇ ಓಡಿದರೂ ಬ್ರೇಕ್ (ಎದುರಿನವರು ವಾಪಸ್ ಬಂದು ನಿಲ್ಲೋ ಮುಂಚೆ ನುಗ್ಗೋದು) ಸತ್ತಂಗೆ.

ಇನ್ನು ರೆಕ್ಕೆಯಲ್ಲಿ ಓಡೋರು. ಎಲ್ಲರೂ ಬಾಲ್ ಹಿಂದೆ ನಡುವಲ್ಲೇ ಗುಂಪಾಗಿ ಓಡ್ತಿರ್ತಾರೆ, ಒಬ್ಬನೇ ಡಿಫೆಂಡರ್ ಮೂವರನ್ನ ಕಾಯೋಕೆ ಅಷ್ಟು ಸಾಕು. ಸೈಡ್‌ಲೈನ್‌ನಿಂದ ಒಂದು ಕೈ ಅಂತರದಲ್ಲಿ ಓಡಬೇಕು, ಫ್ರೀ ಥ್ರೋ ಲೈನ್ ಮಟ್ಟ ಬಂದಮೇಲೆ ಮಾತ್ರ ರಿಂಗ್ ಕಡೆ ಕತ್ತರಿಸಬೇಕು. ಸುಣ್ಣದಲ್ಲಿ ಎರಡು ಗೆರೆ ಎಳೆದು ಅದರ ಹೊರಗೇ ಓಡಿಸ್ರಿ, ಬಾಯಲ್ಲಿ ಹೇಳಿದ್ದು ಎರಡು ನಿಮಿಷಕ್ಕೆ ಮರೆತುಹೋಗುತ್ತೆ.

ಡ್ರಿಲ್ ಒಂದೇ ಸಾಕು, 11 ಜನರ ಫಾಸ್ಟ್ ಬ್ರೇಕ್. ಮೂವರು ನುಗ್ಗೋದು, ಇಬ್ಬರು ತಡೆಯೋದು. ರೀಬೌಂಡ್ ಹಿಡಿದವನು ಸೈಡಲ್ಲಿ ಕಾಯ್ತಿರೋ ಇಬ್ಬರ ಜೊತೆ ಸೇರಿ ವಾಪಸ್ ನುಗ್ಗೋದು. ಎರಡೇ ನಿಯಮ: ರೀಬೌಂಡ್ ಹಿಡಿದವನಿಗೆ ಡ್ರಿಬಲ್ ಇಲ್ಲ, ಉಳಿದವರಿಗೆ ತಲಾ ಎರಡೇ ಡ್ರಿಬಲ್. 8 ನಿಮಿಷ ಆಡಿಸಿ, 2 ನಿಮಿಷ ನೀರು, ಮತ್ತೆ 8 ನಿಮಿಷ.

ಸಿಂಧನೂರು ಸೆಂಟರ್:

ಮಿರ್ಚಿಯವರ ಲೆಕ್ಕ ಸರಿ ಇದೆ, ನಾನು ನಿಮಿಷದ ಬಗ್ಗೆ ಹೇಳ್ತೀನಿ. ನಾಲ್ವರನ್ನೂ ಒಟ್ಟಿಗೆ ಇಳಿಸೋ ಪದ್ಧತಿ ಬಿಡ್ರಿ ಸರ್. ಒಂದು ಹೊತ್ತಲ್ಲಿ ಇಬ್ಬರೇ, ಬಾಲ್ ಹಿಡಿಯೋನು ಸೀನಿಯರ್. ಒಂದು ಪಾಳಿ 3ರಿಂದ 4 ನಿಮಿಷ, ಇಡೀ ಮ್ಯಾಚಿಗೆ ಒಬ್ಬೊಬ್ಬರಿಗೆ 10ರಿಂದ 14. ನಾಲ್ಕೈದು ನಿಮಿಷ ಚೆನ್ನಾಗಿ ಆಡ್ತಾರೆ ಅಂತ ನೀವೇ ಬರೆದಿದ್ದೀರಿ, ಹಾಗಿದ್ದಮೇಲೆ ಐದನೇ ನಿಮಿಷದ ತನಕ ಯಾಕೆ ಕಾಯೋದು? ಮೂರೂವರೆಗೇ ಕರೀರಿ. ದಣಿದು ತಪ್ಪು ಮಾಡಿದ ಮೇಲೆ ಕರೆದರೆ ಶಿಕ್ಷೆ ಅನ್ಕೋತಾನೆ, ಮುಂದಿನ ಸಲ ತಪ್ಪಾಗುತ್ತೆ ಅಂತ ಹೆದರ್ಕೊಂಡೇ ಆಡ್ತಾನೆ.

ಇಳಿಸೋ ಹೊತ್ತನ್ನ ಟೀಮ್ ಫೌಲ್ ನೋಡಿ ತೀರ್ಮಾನ ಮಾಡ್ರಿ. ಕ್ವಾರ್ಟರ್‌ನಲ್ಲಿ ನಾಲ್ಕು ಆಗಿದ್ದರೆ ಐದನೆಯದರಿಂದ ಎದುರಿನವರಿಗೆ ಎರಡೆರಡು ಫ್ರೀ ಥ್ರೋ. ಕೈ ಚಾಚೋ ಹುಡುಗನನ್ನ ಆಗ ಇಳಿಸಿದರೆ ಪಾಯಿಂಟ್ ಹರಿವಾಣದಲ್ಲಿ ಇಟ್ಟು ಕೊಟ್ಟಂಗೆ. ಮೊದಲ ಎರಡು ಕ್ವಾರ್ಟರ್‌ನಲ್ಲಿ ಒಬ್ಬನಿಗೆ ಎರಡು ಫೌಲ್ ಆದರೆ ಹಾಫ್ ತನಕ ಕೂರಿಸ್ರಿ, ಐದಕ್ಕೆ ಹೊರಗೆ ಅನ್ನೋದು ಅವರಿಗೆ ಮ್ಯಾಚಿನ ಬಿಸಿಯಲ್ಲಿ ನೆನಪಿರಲ್ಲ.

ಕೆಲಸ ಒಬ್ಬನಿಗೆ ಒಂದೇ. ಪಿಯುನಲ್ಲಿ ಬಾಲ್ ತರೋದೂ ಅವನೇ, ಹಾಕೋದೂ ಅವನೇ ಆಗಿರ್ತಾನೆ, ಇಲ್ಲಿ ಅದು ನಡೆಯಲ್ಲ. ಕಾಲು ಜೋರಿರೋನಿಗೆ ಎದುರಿನ ಗಾರ್ಡನ್ನ ಪೂರ್ತಿ ಕೋರ್ಟ್ ಹಿಂಬಾಲಿಸೋ ಕೆಲಸ. ಬಾಲ್ ಕಿತ್ಕೊಳ್ಳೋದು ಬೇಡ, ಎದೆ ಎದುರಿಟ್ಟು ಮೂರು ಸಲ ದಿಕ್ಕು ಬದಲಿಸೋ ಹಾಗೆ ಮಾಡಿದರೆ ಸಾಕು, ಬಾಲ್ ಅರ್ಧ ಕೋರ್ಟ್ ದಾಟಿಸೋಕೆ ಅವನಿಗಿರೋ 8 ಸೆಕೆಂಡಿನಲ್ಲಿ ಆರು ಅಲ್ಲೇ ಹೋಗುತ್ತೆ. ಎತ್ತರದೋನಿಗೆ ರೀಬೌಂಡ್ ಮತ್ತು ಔಟ್‌ಲೆಟ್, ಅಂದರೆ ರೀಬೌಂಡ್ ಹಿಡಿದು ಗಾರ್ಡ್‌ಗೆ ಕೊಡೋ ಮೊದಲ ಪಾಸ್. ಶಾಟ್ ಇರೋನು ಕಾರ್ನರ್‌ನಲ್ಲಿ ನಿಲ್ಲಲಿ. ನಾಲ್ಕನೆಯವನು ಬೆಂಚಲ್ಲಿ ಕೂತು ಶೀಟ್ ಬರೀಲಿ, ಆಟ ಅರ್ಥ ಆಗೋಕೆ ಅದಕ್ಕಿಂತ ಬೇಗದ ದಾರಿ ಇಲ್ಲ. ನೀರಿನ ಕ್ಯಾನು, ಬಾಲಿನ ಚೀಲ ಹೊರೋದು ಹೊಸಬರದೇ ಅನ್ನೋ ಸಂಪ್ರದಾಯ ಇದ್ದರೆ ಅದನ್ನೂ ಪಾಳಿ ಮಾಡ್ರಿ, ಪ್ರಾಕ್ಟೀಸ್‌ಗೆ ಮುಂಚಿನ ಆ 10 ನಿಮಿಷ ಶಾಟ್ ಹೊಡೆಯೋಕೆ ಬೇಕು.

ಎಡದಂಡೆ ನಾಲೆ:

ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. 'ಫಸ್ಟ್ ಇಯರ್, ಅದಕ್ಕೇ 14 ನಿಮಿಷ' ಅನ್ನೋ ಗೆರೆ ಯಾಕೆ? ಅಮೆರಿಕದ ಕಾಲೇಜು ಆಟದಲ್ಲೂ 1972ರ ತನಕ ಮೊದಲ ವರ್ಷದವರಿಗೆ ಮುಖ್ಯ ತಂಡದಲ್ಲಿ ಆಡೋ ಅವಕಾಶವೇ ಇರಲಿಲ್ಲ, ಅವರಿಗೆ ಬೇರೆ ತಂಡ. 2012ರಲ್ಲಿ ಕೆಂಟಕಿ ಚಾಂಪಿಯನ್ ಆದಾಗ ಆಂಥನಿ ಡೇವಿಸ್ ಮೊದಲ ವರ್ಷದ ಹುಡುಗ. ನಾಲ್ವರಲ್ಲಿ ಒಬ್ಬನ ಟರ್ನ್‌ಓವರ್ ಬರೀ ಒಂದೋ ಎರಡೋ ಇದ್ದರೆ ಅವನನ್ನ ಮೊದಲ ಐವರಲ್ಲೇ ಹಾಕ್ರಿ. ಹಂಗಂತ ಯೂಟ್ಯೂಬ್‌ನಿಂದ ಅಲ್ಲಿನ ಸೆಟ್ (ಮೊದಲೇ ಹೆಣೆದ ಆಟ) ಎತ್ಕೊಂಡು ಬರಬೇಡ್ರಿ. ಅವರ ಪುರುಷರ ಆಟ 20 ನಿಮಿಷದ ಎರಡು ಭಾಗ, ಶಾಟ್ ಕ್ಲಾಕ್ 30 ಸೆಕೆಂಡ್. ನಮ್ಮ 24ರಲ್ಲಿ ಆ ಸೆಟ್ ಮುಗಿಯೋ ಮುಂಚೆ ಗಂಟೆ ಹೊಡೆದಿರುತ್ತೆ.

ಮೂರನೇ ಕ್ವಾರ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಇರೋದು ಬೇಸಿಗೆ, ಕಡುಬೇಸಿಗೆ ಎರಡೇ ಕಾಲ ಅಂತಾರಲ್ಲ, ಸಿಮೆಂಟ್ ಕೋರ್ಟ್ ಸಂಜೆ ಐದಕ್ಕೂ ಆರಿರಲ್ಲ. ಬಿಸಿಲಿಗೆ ಮೈ ಒಗ್ಗೋಕೆ 10ರಿಂದ 14 ದಿನ ಬೇಕು, ಮೂರು ವಾರ ಇದೆ ಅಂದರೆ ಇವತ್ತೇ ಶುರು ಮಾಡ್ರಿ. ಮೊದಲ ನಾಲ್ಕು ದಿನ ಅರ್ಧ ಗಂಟೆ ಜೋರು ಓಟ, ಆಮೇಲೆ ದಿನಕ್ಕೆ ಐದೈದು ನಿಮಿಷ ಏರಿಸ್ರಿ. ಪ್ರಾಕ್ಟೀಸ್‌ಗೆ ಮುಂಚೆ, ಆಮೇಲೆ ತೂಕ ನೋಡ್ರಿ. 65 ಕೆಜಿ ಹುಡುಗ 1.3 ಕೆಜಿಗಿಂತ ಜಾಸ್ತಿ ಇಳಿದಿದ್ದರೆ ಅವನು ನೀರು ಕುಡಿದಿಲ್ಲ, ಕೈತಪ್ಪೋ ಪಾಸ್‌ಗಳಲ್ಲಿ ಒಂದಷ್ಟು ಅಲ್ಲಿಂದಲೇ ಬಂದಿದ್ದು. 15 ನಿಮಿಷಕ್ಕೊಂದು ಸಲ ಒಂದು ಲೋಟ, ಬಾಯಾರಿಕೆ ಆಗೋ ತನಕ ಕಾಯಬಾರದು. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಅರ್ಧ ಲೀಟರ್‌ಗೆ ಕಲಸಿದರೆ ಹೊಟ್ಟೆ ತೊಳಸುತ್ತೆ.

ಬಾಲ್‌ನೂ ಒತ್ತಿ ನೋಡ್ರಿ. ಸಿಮೆಂಟ್ ಮೇಲೆ ಗಾಳಿ ಜಾಸ್ತಿ ಇರೋ ಬಾಲ್ ಎದೆ ತನಕ ಪುಟಿಯುತ್ತೆ, ಜೋರಾಗಿ ಓಡೋ ಹುಡುಗನ ಕೈಗೆ ಸಿಗಲ್ಲ. ಕೋರ್ಟ್ ಮೇಲೆ ಧೂಳು ಇದ್ದರೆ ಆಟಕ್ಕೆ ಮುಂಚೆ ಗುಡಿಸಿ, ಬೆಂಚ್ ಹತ್ತಿರ ಒದ್ದೆ ಗೋಣಿತಟ್ಟು ಹಾಕ್ರಿ, ಒಳಗೆ ಹೋಗೋ ಮುಂಚೆ ಬೂಟು ಒರೆಸಿಕೊಳ್ಳಲಿ.

ಗುಡ್ಡದ ಕೆಳಗಿನ ಕೋರ್ಟ್:

ಶೀಟ್ ಬಿಡಿಸಿ ನೋಡಿದೆ. 12 ಟರ್ನ್‌ಓವರ್‌ನಲ್ಲಿ 7 ರೀಬೌಂಡ್ ಆದ ತಕ್ಷಣ ಆಗಿದ್ದು. ಇನ್ನೊಂದು ಸಂದೇಹ: ಬ್ರೇಕ್ ಆಗಲಿಲ್ಲ ಅಂದರೆ ಎಲ್ಲಿಗೆ ನಿಲ್ಲಿಸಬೇಕು ಅಂತ ಹುಡುಗರಿಗೆ ಗೊತ್ತಾಗಲ್ಲ. ಗ್ರೌಂಡಲ್ಲಿ ಶಾಟ್ ಕ್ಲಾಕ್ ಇಲ್ಲದಿದ್ದರೆ?

ಒಗ್ಗಾಣಿ ಮಿರ್ಚಿ:

ಕ್ಲಾಕ್ ಇದ್ದರೆ 16 ಕಾಣೋ ಹೊತ್ತಿಗೆ ಲೇಅಪ್ ಅಥವಾ ಖಾಲಿ ಶಾಟ್ ಸಿಕ್ಕಿರಬೇಕು, ಇಲ್ಲಾಂದರೆ ಬಾಲ್ ಸೀನಿಯರ್ ಗಾರ್ಡ್ ಕೈಗೆ ವಾಪಸ್, ಅವನು ಕೈ ಎತ್ತಿ ಸೆಟ್ ಕೂಗ್ತಾನೆ. ನಮ್ಮದೇ ಶಾಟ್ ರಿಂಗ್‌ಗೆ ತಾಗಿ ಆಫೆನ್ಸಿವ್ ರೀಬೌಂಡ್ ಸಿಕ್ಕರೆ ಕ್ಲಾಕ್ 14ರಿಂದ ಶುರು, ಅಲ್ಲಿ ಹೊಸಬ ಒಳಗಿಂದಲೇ ಹಾಕೋಕೆ ಆಗದಿದ್ದರೆ ಒಂದೇ ಪಾಸ್ ಹೊರಗೆ ಕೊಡಲಿ. ಕ್ಲಾಕ್ ಇಲ್ಲದ ಕಡೆ ಬೆಂಚಿಂದ ಒಬ್ಬ ಜೋರಾಗಿ ಎಂಟರ ತನಕ ಎಣಿಸಲಿ, ಎಂಟು ಅಂದಾಗ ಹುಡುಗರು ನಿಂತು ಗಾರ್ಡ್ ಮುಖ ನೋಡಬೇಕು. ಪ್ರಾಕ್ಟೀಸ್‌ನಲ್ಲೂ ಎಣಿಸೋನು ಅದೇ ಹುಡುಗ ಇರಲಿ, ಗದ್ದಲದಲ್ಲಿ ದನಿ ಗುರುತು ಸಿಗುತ್ತೆ.