ಸಣ್ಣ ಊರಿನ ಶಾಲೆಯಲ್ಲಿ ಮಗಳೊಬ್ಬಳೇ ಆಗ್ತಾಳಾ?

ಹುಬ್ಬಳ್ಳಿ ವಿದ್ಯಾನಗರ, ಈಗ ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ ಆಯೋವಾದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಸಂಬಳ ಜಾಸ್ತಿ, ಬಾಡಿಗೆ ಕಡಿಮೆ. ಸೋಮವಾರದೊಳಗೆ ಹೂಂ ಅಥವಾ ಇಲ್ಲ ಅನ್ನಬೇಕು. ನಿನ್ನೆ ರಾತ್ರಿ ಆ ಊರಿನ ಜನಗಣತಿ ಪಟ್ಟಿ ತೆಗೆದು ನೋಡಿದೆ. ಬಿಳಿಯರು ನೂರಕ್ಕೆ 90ರ ಮೇಲೆ. ಏಷ್ಯನ್ ಅನ್ನುವ ಸಾಲಿನಲ್ಲಿ ನೂರಕ್ಕೆ 1 ಕೂಡ ಇಲ್ಲ. ಆಮೇಲೆ ನಿದ್ದೆ ಬರಲಿಲ್ಲ. ಮಗಳಿಗೆ ಏಳು ವರ್ಷ. ಇಲ್ಲಿ ಅವಳ ಕ್ಲಾಸಿನಲ್ಲಿ ಅರ್ಧ ಮಕ್ಕಳು ನಮ್ಮ ದೇಶದವರೇ. ಡಬ್ಬಿಯಲ್ಲಿ ಚಪಾತಿ-ಪಲ್ಯ ಒಯ್ದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಅವಳೊಬ್ಬಳೇ ಆಗಿಬಿಡ್ತಾಳಾ? ಈ ಅಂಕಿಗಳನ್ನು ಹೇಗೆ ಓದಬೇಕು? ಗೊತ್ತಿದ್ದವರು ಹೇಳಿ.

ಗದಗ, ಈಗ ಮಿನ್ನೆಸೋಟ:
ತಂಗೀ, ಪಟ್ಟಿ ಸುಳ್ಳಲ್ಲ. ಓದುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಅದರಲ್ಲಿ ಜನಾಂಗ ಒಂದು ಪ್ರಶ್ನೆ, ಹಿಸ್ಪಾನಿಕ್ (ಅಂದರೆ ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರು) ಹೌದೋ ಅಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಮೆಕ್ಸಿಕೊ ಕಡೆಯವರು ಬಿಳಿಯರು ಅಂತಲೂ ಬರೆಸಿರಬಹುದು, ಹಿಸ್ಪಾನಿಕ್ ಅಂತಲೂ ಬರೆಸಿರಬಹುದು. ಅದಕ್ಕೇ ಸಾಲುಗಳನ್ನೆಲ್ಲ ಕೂಡಿಸಿದರೆ 100 ದಾಟುತ್ತದೆ. ನೀವು "ಹಿಸ್ಪಾನಿಕ್ ಅಲ್ಲದ ಬಿಳಿಯರು" ಅನ್ನುವ ಸಾಲು ನೋಡಿ. ಆಯೋವಾದಲ್ಲೇ ಸ್ಟಾರ್ಮ್ ಲೇಕ್ ಅಂತ ಊರಿದೆ. ಅಲ್ಲಿಯ ಮಾಂಸದ ಕಾರ್ಖಾನೆಗಳ ಕೆಲಸಕ್ಕೆ ಮೆಕ್ಸಿಕೊ, ಲಾವೋಸ್ ಕಡೆಯ ಜನ ಬಂದು ನೆಲೆಸಿದ್ದಾರೆ.

ಏಷ್ಯನ್ ಅಂದಕೂಡಲೇ ನಮ್ಮವರು ಅಂತಲೂ ತಿಳಿಯಬೇಡಿ. ವಿಸ್ಕಾನ್ಸಿನ್‌ನ ವಾಸಾದಲ್ಲಿ ಏಷ್ಯನ್ನರು ಅಂದರೆ ಹೆಚ್ಚಾಗಿ ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದ ಮಾಂಗ್ ಜನ. ಇನ್ನೊಂದು ಮಾತು. ಊರಲ್ಲಿ ಜೈಲಿದ್ದರೆ ಕೈದಿಗಳನ್ನೂ ಆ ಊರಿನವರು ಅಂತಲೇ ಎಣಿಸುತ್ತಾರೆ. ಕಾಲೇಜಿದ್ದರೆ ಹಾಸ್ಟೆಲ್ ಹುಡುಗರನ್ನೂ. ಪಟ್ಟಿಯಲ್ಲಿ ಇರುವ ಜನ ಅಂಗಡಿಯಲ್ಲಿ, ಪಾರ್ಕಿನಲ್ಲಿ ಕಾಣಲಿಕ್ಕಿಲ್ಲ.

ನಿಮಗೆ ಬೇಕಾದದ್ದು ಶಾಲೆಯ ಲೆಕ್ಕ. ಎನ್‌ಸಿಇಎಸ್ ಅಂತ ಇಲ್ಲಿಯ ಸರ್ಕಾರದ ಶಿಕ್ಷಣ ಅಂಕಿ-ಅಂಶ ಕೇಂದ್ರ ಇದೆ, ಅದರ ವೆಬ್‌ಸೈಟ್‌ನಲ್ಲಿ ಸರ್ಕಾರಿ ಶಾಲೆಯ ಹೆಸರು ಹಾಕಿ. ಯಾವ ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಯಾವ ಜನಾಂಗದವರು ಎಷ್ಟು ಅಂತ ಬರುತ್ತದೆ. ಇಂಥ ಎಷ್ಟೋ ಊರುಗಳಲ್ಲಿ ಅಜ್ಜ-ಅಜ್ಜಿಯರೆಲ್ಲ ಬಿಳಿಯರು, ಶಾಲೆಗೆ ಹೋದರೆ ಬೇರೆಯೇ ಚಿತ್ರ.

ಧಾರವಾಡ ಸಪ್ತಾಪುರ, ಈಗ ಟೆಕ್ಸಾಸ್:
ಅಂಕಿ-ಸಂಖ್ಯೆ ಎಲ್ಲಾ ಬಿಡಿ. ಹೋಗಲೇಬೇಡಿ. 1994ರಲ್ಲಿ ನಾನು ಹೀಗೇ ಸಂಬಳ ನೋಡಿ ನೆಬ್ರಾಸ್ಕಾದ ಸಣ್ಣ ಊರಿಗೆ ಹೋದೆ. ಮಗನಿಗೆ ಆಗ ಆರು ವರ್ಷ. ಇಡೀ ಊರಲ್ಲಿ ಕನ್ನಡ ಅಂದರೆ ನಾನು ಮತ್ತು ನನ್ನ ಹೆಂಡತಿ. ಒಂದು ದಿನ ಅವನು ಅವಳಿಗೆ, ಗೆಳೆಯರ ಮುಂದೆ ಕನ್ನಡ ಮಾತಾಡಬೇಡಮ್ಮಾ ಅಂದ. ನಾವು ಸುಮ್ಮನಾದೆವು. ಮುಂದೆ ಮನೆಯೊಳಗೂ ಸುಮ್ಮನಾದೆವು. ನಮ್ಮವ್ವ ಧಾರವಾಡದಲ್ಲಿ ಹಾಸಿಗೆ ಹಿಡಿದಾಗ ವಿಡಿಯೊ ಕಾಲ್ ಮಾಡಿದೆವು. "ಊಟ ಆತೇನಪಾ" ಅಂತ ಮೊಮ್ಮಗನನ್ನು ಕೇಳಿದಳು. ಅವನು ನನ್ನ ಮುಖ ನೋಡಿದ. ಅಷ್ಟು ಸಣ್ಣ ಮಾತು ಅವನಿಗೆ ತಿಳಿಯಲಿಲ್ಲ. ಅವ್ವ ಮತ್ತೆ ಏನೂ ಕೇಳಲಿಲ್ಲ. ನಮ್ಮ ಜನ ಇಲ್ಲದ ಊರಲ್ಲಿ ಮಗು ಬೆಳೆಸಬಾರದು. ಎಷ್ಟೇ ಸಂಬಳ ಕೊಡಲಿ.

ರಾಣೆಬೆನ್ನೂರು, ಈಗ ಡಲ್ಲಾಸ್:
ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಕಣ್ಣಲ್ಲಿ ನೀರು ಬಂತು. ನಮ್ಮ ಮಗ ಇಲ್ಲೇ ಹುಟ್ಟಿದವನು. ಭಾನುವಾರದ ಕನ್ನಡ ಕ್ಲಾಸಿಗೆ ಹೋಗುತ್ತಾನೆ. ಬಸವಣ್ಣನವರ ಐದು ವಚನ ತಪ್ಪಿಲ್ಲದೆ ಹೇಳುತ್ತಾನೆ. ದೊಡ್ಡ ಊರಲ್ಲಿ ಇರುವುದಕ್ಕೇ ಇದೆಲ್ಲ ಆಗುತ್ತದೆ ಅಕ್ಕಾ.

ಕಲಘಟಗಿ, ಈಗ ಒಹಾಯೊ:
ನಮ್ಮ ಜನ ಅಂದರೆ ಯಾರು ಸರ್? ನಮ್ಮ ಹಳ್ಳಿ ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಒಬ್ಬ ಸಿದ್ದಿ ಹುಡುಗಿ ಕೂರುತ್ತಿದ್ದಳು. ಅವರ ಮೂಲ ಆಫ್ರಿಕಾ. ಆದರೆ ಎಷ್ಟೋ ತಲೆಮಾರಿನಿಂದ ನಮ್ಮ ಕಾಡಿನ ಸೆರಗಿನಲ್ಲೇ ಇರುವವರು. ಕನ್ನಡ ಪಾಠ ನನಗಿಂತ ಚೆನ್ನಾಗಿ ಓದುತ್ತಿದ್ದಳು. ಆದರೂ ದಿನಾ ಯಾರಾದರೂ ಅವಳ ಕೂದಲು ಮುಟ್ಟಿ ನೋಡುತ್ತಿದ್ದರು. ನಾನೂ ಮುಟ್ಟಿದ್ದೇನೆ. ಮೇಷ್ಟ್ರು ನೋಡಿದರೂ ಏನೂ ಅನ್ನಲಿಲ್ಲ. ಆರನೇ ಕ್ಲಾಸಿಗೆ ಅವಳು ಬರಲೇ ಇಲ್ಲ.

ಇಲ್ಲಿ ನನ್ನ ಮಗಳ ಜಡೆಯನ್ನು ಮಕ್ಕಳು ಎಳೆದು ನೋಡಿದ ದಿನ ನನಗೆ ಅವಳೇ ನೆನಪಾದಳು. ನಮ್ಮದೂ ಸಣ್ಣ ಊರೇ. ಇಡೀ ಕ್ಲಾಸಿಗೆ ಕಂದು ಬಣ್ಣದವಳು ಇವಳೊಬ್ಬಳೇ. ಆದರೆ ಟೀಚರ್ ಅವತ್ತೇ ಮಕ್ಕಳನ್ನೆಲ್ಲ ನೆಲದ ಮೇಲೆ ಕೂರಿಸಿ ಮಾತಾಡಿದರು, ಸಂಜೆ ನನಗೂ ಫೋನ್ ಮಾಡಿದರು. ಅಕ್ಕಾ, ಹೋಗಿ ಆ ಟೀಚರನ್ನು ನೋಡಿ. ಇಂಥದ್ದು ಆದರೆ ಏನು ಮಾಡ್ತೀರಿ ಅಂತ ನೇರವಾಗಿ ಕೇಳಿ.

ಧಾರವಾಡ ಸಪ್ತಾಪುರ, ಈಗ ಟೆಕ್ಸಾಸ್:
ಅದು ಬೇರೆ ವಿಷಯ ತಂಗೀ. ನಾನು ಭಾಷೆಯ ಬಗ್ಗೆ ಹೇಳುತ್ತಿದ್ದೇನೆ. ಜಡೆ ಎಳೆದದ್ದು ನಾಲ್ಕು ದಿನಕ್ಕೆ ಮರೆಯುತ್ತದೆ. ಭಾಷೆ ಹೋದರೆ ಹೋಯಿತು.

ಕಲಘಟಗಿ, ಈಗ ಒಹಾಯೊ:
ಮರೆಯುವುದಿಲ್ಲ ಸರ್. ಮುಟ್ಟಿದ ನನಗೇ ಇನ್ನೂ ಮರೆತಿಲ್ಲ.

ಹಾವೇರಿ, ಈಗ ಕ್ಯಾಲಿಫೋರ್ನಿಯಾ:
ನಾನು 1974ರಲ್ಲಿ ಬಂದವನು. ಇಲ್ಲಿಯ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತ್ತು. 1946ರ ಕಾಯ್ದೆ ಬಂದ ಮೇಲೆ ಪೌರತ್ವಕ್ಕೆ ದಾರಿಯಾಯಿತು. 1970ರ ಜನಗಣತಿಯಲ್ಲಿ ಅದೇ ನಮ್ಮವರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. "ಏಷ್ಯನ್ ಇಂಡಿಯನ್" ಅನ್ನುವ ಖಾನೆ ಬಂದದ್ದು 1980ರಲ್ಲಿ. ಆ ಫಾರ್ಮ್ ಮನೆಗೆ ಬಂದಾಗ ಗುರುತು ನಾನೇ ಹಾಕ್ತೀನಿ ಅಂತ ನನ್ನ ಹೆಂಡತಿ ಪೆನ್ನು ಕಸಿದುಕೊಂಡಳು. ಆಗ ನಮ್ಮೂರಲ್ಲಿ ನಾವು ಎರಡೇ ಮನೆ. ಇಬ್ಬರು ಮಕ್ಕಳೂ ಅಲ್ಲೇ ಬೆಳೆದರು, ಇಬ್ಬರಿಗೂ ಕನ್ನಡ ಬರುತ್ತದೆ. ಅವಳು ರಾತ್ರಿ ಊಟಕ್ಕೆ ಕೂತಾಗ ಇಂಗ್ಲಿಷ್ ಆಡಗೊಡಲಿಲ್ಲ. ಅವಳು ಹೋಗಿ ಮೂರು ವರ್ಷ ಆಯಿತು.

ಗದಗ, ಈಗ ಮಿನ್ನೆಸೋಟ:
ಕಾಕಾ, ಕಾಕಿಯವರ ವಿಷಯ ಕೇಳಿ ಬೇಸರವಾಯಿತು.
ಸಪ್ತಾಪುರದ ಅಣ್ಣಾವರೇ, ಧಾರವಾಡ ಪೇಡೆ ಮಾಡಲು ಶುರು ಮಾಡಿದವರು ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನದವರು. ಅವರೂ ತಮ್ಮ ಜನ ಇಲ್ಲದ ಊರಿಗೇ ಬಂದದ್ದು. ತಂಗೀ, ಶಾಲೆಯ ಲೆಕ್ಕ ಸಿಕ್ಕಿತಾ?

ರಾಣೆಬೆನ್ನೂರು, ಈಗ ಡಲ್ಲಾಸ್:
ಡಲ್ಲಾಸಿಗೇ ಬಂದುಬಿಡಿ ಅಕ್ಕಾ. ಜೋಳದ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ ಎಲ್ಲಾ ಸಿಗುತ್ತದೆ.

ಹುಬ್ಬಳ್ಳಿ ವಿದ್ಯಾನಗರ, ಈಗ ನ್ಯೂಜೆರ್ಸಿ:
ಸಿಕ್ಕಿತು ಅಕ್ಕಾ. ನೀವು ಹೇಳಿದ ಹಾಗೇ ಇದೆ. ಶಾಲೆಯಲ್ಲಿ ಹಿಸ್ಪಾನಿಕ್ ಮಕ್ಕಳು ನಾನು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ. ಏಷ್ಯನ್ ಸಾಲಿನಲ್ಲಿ ಮೂರು ಮಕ್ಕಳು. ಯಾವ ದೇಶದವರೋ, ಯಾವ ಕ್ಲಾಸಿನವರೋ. ಎರಡನೇ ಕ್ಲಾಸಿನ ಟೀಚರಿಗೆ ಮೇಲ್ ಹಾಕಿದ್ದೇನೆ. ಕಲಘಟಗಿಯವರು ಹೇಳಿದ್ದನ್ನೇ ಬರೆದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಧಾರವಾಡ ಸಪ್ತಾಪುರ, ಈಗ ಟೆಕ್ಸಾಸ್:
ಟೀಚರ್ ಒಳ್ಳೆಯವರೇ ಇರಬಹುದು. ನಮ್ಮ ಮಗನ ಟೀಚರೂ ಒಳ್ಳೆಯವರೇ ಇದ್ದರು. ಇನ್ನೊಂದು ಸಲ ಹೇಳುತ್ತೇನೆ ತಂಗೀ, ಹೋಗಬೇಡಿ.